ಮಡಿಚಿ ಬಿಟ್ಟ ಮಾಯಾ

ಅಪ್ಪನ ಅಳತಿ ಪುಸ್ತಕದಾಗ ಸತ್ತವರೇ ಹೆಚ್ಚು.
ನಾಗಣಸೂರಿನ ಗಾಣಿಗೇರ ಭೀಮಶ್ಯಾ: ಕೊರಳ ಹದಿನೈದೂವರಿ,
ಬಲಗೈ ಎಡಗೈಗಿಂತ ಅರ್ಧ ಇಂಚು ಉದ್ದ.
ದುಧನಿ ಅಡತಿ ಅಂಗಡಿ ಮುನೀಮ: ಹೊಟ್ಟಿ ನಲವತ್ತೊಂದು,
ಮಗ್ಗಲಕ ಸಣ್ಣಾಗಿ, 'ಮೂವತ್ತೆಂಟು ಅಂತ ಬರಿ ಅಂದಾನ.'
ಇನ್ನೂರಾ ಹನ್ನೆರಡನೇ ಹಾಳಿಯಾಗ ಒಬ್ಬಾಕಿ:
ಸಿದ್ಧವ್ವ, ಜೇವೂರ. ಕುಬಸ ಒಂದು. ಖಣ ಆಕಿದೇ.
ಎದಿ ಮೂವತ್ತೆರಡು. ಮುಂಗಡ ಬಾರಾಣೆ.
ಉಳಿದವರ ಹೆಸರಿನ ಮ್ಯಾಲ ಗೀಟು ಅದ,
ಈಕಿ ಮ್ಯಾಲ ಇಲ್ಲ.

ಪಾಂಡೋಬಾ ಮಾಸ್ತರ, ಅಕ್ಕಲಕೋಟದ ಸ್ಟ್ಯಾಂಡಿನ ಹಿಂದ
ಐವತ್ತು ವರ್ಷ ಪೆಡಲ್ ತುಳದಾಂವ,
ಮಾತು ಹೋಗೋ ಹೊತ್ತಿನಾಗ ಮನಿ ಕಾಗದದ ಸುದ್ದಿ ಎತ್ತಲಿಲ್ಲ.
ಟ್ರಂಕಿನ ಕಡಿ ಬಟ್ಟು ಮಾಡಿ
"ಜೇವೂರಿನಾಕಿದು ಆಗಿಲ್ಲ" ಅಂದ.

ಟ್ರಂಕಿನಾಗ ಕತ್ತರಿಸಿಟ್ಟ ಖಣ. ನುಸಿಗುಳಿಗಿ ವಾಸನಿ.
ಸುಣ್ಣದ ಗೆರಿ ಇನ್ನೂ ಮಾಸಿಲ್ಲ.

ಎದುರಿನ ಚಹಾದಂಗಡಿ ಮೌಲಾಲಿ ನಗತಾನ:
"ಸತ್ತಾಕಿಗಿ ಮೈ ಎಲ್ಲದ, ಅಕ್ಕಾ? ಹೋದದ್ದು ಹೋತು.
ಮಾರಿಬಿಡು, ಹಳೀ ಖಣಕ್ಕ ಈಗ ಛಲೋ ರೇಟದ."

ಹೋದದ್ದು ಹೋತು. ಖರೆ.
ಆದರ ಆ ಮೂವತ್ತೆರಡು ಹೋಗಿಲ್ಲಲ್ಲ.
ಸಿದ್ಧವ್ವ ಮಣ್ಣಾಗಿರಬೇಕು, ಮಣ್ಣಿನ ಮ್ಯಾಲ ಜ್ವಾಳ ಬೆಳದಿರಬೇಕು,
ಆವತ್ತಿನ ಆಕಿ ಅಳತಿ ಮೂವತ್ತೆರಡೇ.
ದೇವರು ಬಂದರೂ ಮೂವತ್ಮೂರು ಮಾಡಾಕ ಆಗೂದಿಲ್ಲ.
ಇದ್ದವರ ಮೈ ದಿನಾ ಬದಲಾಗತದ,
ಸತ್ತವರದಷ್ಟೇ ನಿಂತದ.
ಅಷ್ಟು ಗಟ್ಟಿ ನಿಂತವರಿಗಿ
ಇಲ್ಲ ಅಂತ ನಾ ಹೆಂಗ ಅನ್ನಲಿ?

ಜೇವೂರಿಗಿ ಹೋಗಿ ಕೇಳಿದೆ. ಇಬ್ಬರು ಸಿದ್ಧವ್ವ ಸಿಕ್ಕರು.
ಒಬ್ಬಾಕಿ ಆ ಕುಬಸ ನಂದೇ ಅಂದಳು,
ವಯಸ್ಸು ನೋಡಿದ್ರ ಆವಾಗಿನ್ನೂ ತೊಟ್ಟಿಲದಾಗಿದ್ದಳು.

ಕನ್ನಡ ಸಾಲಿ ಹುಡುಗಿ ಶ್ರಾವಣಿ ಜೂನಿನಾಗ ಬಂದಿದ್ದಳು, ನೀಲಿ ಲಂಗ.
ಒಳಗ ಒಂದೂವರಿ ಇಂಚು ಮಡಿಚಿ ಬಿಟ್ಟೆ.
ಹಂಗ ಬಿಟ್ಟ ಬಟ್ಟಿಗಿ ಮರಾಠಿ ಸಿಂಪಿಗೇರು ಮಾಯಾ ಅಂತಾರ,
ನಾವೂ ಅದನ್ನೇ ಅಂತೀವಿ.
ಮಠದಾಗ ಮಾಯಾ ಅಂದ್ರ ಸುಳ್ಳು.
ಮನ್ಯಾಗ ಮಾಯಾ ಅಂದ್ರ ಅಂತಃಕರಣ.
ನನ್ನ ಮಷೀನಿನ ಮುಂದ
ಇನ್ನೂ ಬರದ ಮೈಗಿ ಇವತ್ತೇ ಬಿಟ್ಟ ಜಾಗಾ.
ಮುಂದಿನ ವರ್ಷದ ಆಕಿ ಎತ್ತರ ಯಾವ ಟೇಪಿಗೂ ಸಿಗೂದಿಲ್ಲ,
ಆದರ ನನ್ನ ಕತ್ತರಿ ಅದಕ್ಕ ಅಂಜಿ ದೂರ ಸರೀತದ.
ರೆಡಿಮೇಡಿನಾಗ ಪಾವಿಂಚು ಸೈತ ಬಿಡೂದಿಲ್ಲ.
ಓವರ್‌ಲಾಕ್ ಹಾಕಿ, ಬರೋ ವರ್ಷಾನ
ಕಸದಾಗ ಒಗೀತಾರ.

ನಿನ್ನಿ ರಾತ್ರಿ ಖಣ ಬಿಚ್ಚಿದೆ.
ಎರಡೂ ಮಗ್ಗಲಿಗಿ ಅಪ್ಪ ಎರಡೆರಡು ಇಂಚು ಬಿಟ್ಟಾನ.
ಇಷ್ಟ್ಯಾಕ? ಖಣ ತುಟ್ಟಿ, ಅಪ್ಪ ಮೊದಲೇ ಜುಗ್ಗ.
ಪುಸ್ತಕ ತಗದು ದೀಪಕ್ಕ ಹಿಡದೆ.
ಹಾಳಿ ಬೆನ್ನಿಗಿ ಪೆನ್ಸಿಲ್ಲಿನಾಗ:
'ಏಳನೇ ತಿಂಗಳ ಕುಬಸ. ಹಡದ ಮ್ಯಾಲೂ ಬರಬೇಕು.'

ಹಂಗಾದ್ರ ಆ ಹೊಟ್ಟ್ಯಾಗಿಂದು?
ಹುಟ್ಟಿತೋ ಇಲ್ಲೋ.
ಹುಟ್ಟಿದ್ರ ನನಗಿಂತ ಹಿರೀದು,
ಸೋಲಾಪುರದಾಗ ಎಲ್ಲೋ ಕುಂತು ಬೀಡಿ ಕಟ್ಟತಿರಬಹುದು,
ತನ್ನ ಸಲುವಾಗಿ ನಾಕಿಂಚು ಜಾಗಾ
ಒಂದು ಟ್ರಂಕಿನಾಗ ಇಷ್ಟು ದಿನ ಕಾಯ್ಕೋತ ಇತ್ತು ಅಂತ
ಅದಕ್ಕ ಯಾರು ಹೇಳಬೇಕು.

ಬೆಳಗಾಗೂದ್ರಾಗ ಹೊಲದು ಮುಗಿಸಿದೆ.
ಮಾಯಾ ಮಾತ್ರ ಹಂಗೇ ಬಿಟ್ಟೆ.
ಮೌಲಾಲಿ ಚಹಾ ತಂದಾಂವ ನೋಡಿ ಸುಮ್ಮನಾದ,
ರೊಕ್ಕ ಬ್ಯಾಡ ಅಂದ. ಕೊಟ್ಟೆ.
ಕುಬಸ ಮೊಳಿಗಿ ತೂಗು ಹಾಕಿ ಪುಸ್ತಕ ತಗೊಂಡೆ.
ಗೀಟು ಹೊಡಿಯಾಕ ಕೈ ಬರಲಿಲ್ಲ.
ಅಪ್ಪನ ಅಕ್ಷರದ ಕೆಳಗ ನನ್ನ ಸೊಟ್ಟ ಅಕ್ಷರ:
ಹೊಲದಾಗ್ಯಾದ. ಬಾಕಿ ನಾಕಾಣೆ.
ಯಾರರ ಬಂದು ಒಯ್ಯಬೇಕು.